ಅಳಿಯಂದಿರು ಅಂಗಿ ಬಿಚ್ಚಲಿಲ್ಲ

ಮಗಳಿಗೆ ಬಿಪಿ ಏರಿ, ದಿನ ತುಂಬುವ ಮೊದಲೇ ಸಿಸೇರಿಯನ್ ಆಯಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಅವಳು ಒಂದು ಐಸಿಯುನಲ್ಲಿ, ಅಂಗೈಯಗಲದ ಮೊಮ್ಮಗಳು ಇನ್ನೊಂದರಲ್ಲಿ. ಉಸಿರಾಟ ಪರವಾಗಿಲ್ಲ, ಮೈಯಲ್ಲಿ ಬಿಸಿ ಮಾತ್ರ ಉಳಿಯುತ್ತಿಲ್ಲ ಎಂದರು ಡಾಕ್ಟರು. ಮೇಲಿನಿಂದ ಶಾಖ ಬೀರುವ ವಾರ್ಮರ್ ಕೆಳಗೆ ಮಲಗಿಸಿದ್ದರೂ ಪಾದ ತಣ್ಣಗೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ ಎಂದೇ ಅರ್ಥವಂತೆ. ಹಾಗೇ ಬಿಟ್ಟರೆ ಅಷ್ಟು ಸಣ್ಣ ಜೀವ ಉಳಿಯುವುದು ಕಷ್ಟ.

ನನಗೆ ಮೊದಲು ಅನುಮಾನ ಬಂದದ್ದು ಮಷೀನಿನ ಮೇಲೆ. "ಇದು ಸರಿಯಾಗಿ ವರ್ಕ್ ಆಗ್ತಿದೆಯಾ ಸಿಸ್ಟರ್? ಒಳ್ಳೇದನ್ನ ಬೇರೆ ಯಾರಿಗೋ ಕೊಟ್ಟಿಲ್ಲ ತಾನೆ?"

ಸಿಸ್ಟರ್ ನಕ್ಕರು. "ಎಲ್ಲಾ ಒಂದೇ ಅಮ್ಮಾ. ಮಗೂಗೆ ಮನುಷ್ಯರ ಮೈಬಿಸೀನೂ ಬೇಕು. ತಾಯಿಗೆ ಈಗ ಆಗಲ್ಲ. ಅಪ್ಪನ ಬರೀ ಎದೆ ಮೇಲೆ ಮಲಗಿಸೋಣ." ಕಾಂಗರೂ ಕೇರ್ ಎಂದು ಅದಕ್ಕೊಂದು ಫ್ಯಾನ್ಸಿ ಹೆಸರು ಬೇರೆ.

ಆಗ ನನ್ನ ಅನುಮಾನ ಅಳಿಯಂದಿರ ಕಡೆ ತಿರುಗಿತು. ಸಂಸೆ ಊರಿನವರು, ಟೂರಿಸ್ಟ್ ಜೀಪು ಓಡಿಸುತ್ತಾರೆ, ಮಾತು ಕಡಿಮೆ. ಸಿಸ್ಟರ್ ಕರೆದಾಗ ಒಳಗೆ ಬಂದರು, ಮಗುವಿನ ಪಕ್ಕ ನಾನಿದ್ದುದನ್ನು ನೋಡಿದರು, "ಒಂದು ಫೋನ್ ಬಂತು" ಎಂದು ಹೊರಟೇಹೋದರು. ಫೋನು ರಿಂಗಾದದ್ದು ನನಗಂತೂ ಕೇಳಿಸಲಿಲ್ಲ. ಮಧ್ಯಾಹ್ನ ಮತ್ತೆ ಕರೆದರು. ಈ ಸಲ ಅಂಗಿಯ ಗುಂಡಿಯವರೆಗೆ ಕೈ ಹೋಯಿತು. ನನ್ನನ್ನು ನೋಡಿದ್ದೇ ಕೆಳಗಿಳಿಯಿತು. "ಜೀಪು ಅಡ್ಡ ನಿಲ್ಸಿದೀನಿ, ಅತ್ತೆ."

ಹೆಣ್ಣಾಯಿತೆಂದು ತಾನೆ ಇದೆಲ್ಲ? ಮಗಳು ಹುಟ್ಟಿದಾಗ ನಮ್ಮ ಯಜಮಾನರೂ ನಾಮಕರಣದ ತನಕ ಅವಳನ್ನು ಎತ್ತಿಕೊಂಡಿರಲಿಲ್ಲ. ಜಾವಳಿಯ ನಮ್ಮ ಮನೆಯ ಬಾಣಂತಿ ಕೋಣೆಯ ಬಾಗಿಲಲ್ಲಿ ಒಮ್ಮೆ ಇಣುಕಿ ತೋಟಕ್ಕೆ ಹೋಗಿಬಿಡುತ್ತಿದ್ದರು. ನಾಚಿಕೆಯೋ ಬೇಸರವೋ, ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರೇ ಇಲ್ಲ. "ಡೋಂಟ್ ಅಸ್ಯೂಮ್, ಚೈಲ್ಡ್" ಎಂದು ನಾನು ಓದಿದ ಕಾನ್ವೆಂಟಿನ ಮದರ್ ಎಷ್ಟು ಸಲ ಹೇಳಿದ್ದರೋ. ಈ ವಯಸ್ಸಿನಲ್ಲಿ ಊಹಿಸದೆ ಇನ್ನೇನು ಮಾಡಲಿ?

ಕಾರಿಡಾರಿನಲ್ಲಿ ಅಳಿಯಂದಿರನ್ನು ತಡೆದು ನಿಲ್ಲಿಸಿದೆ. "ಬಿ ಫ್ರ್ಯಾಂಕ್. ನಿಮಗೆ ಈ ಮಗು ಬೇಡವಾ?"

"ಎಂಥ ಮಾತಾಡ್ತೀರಿ ಅತ್ತೆ! ನೀವು ಅಲ್ಲೇ ಕಾವಲು ನಿಂತಿರ್ತೀರಿ. ನಿಮ್ಮೆದುರು ಬರೀ ಮೈಯಲ್ಲಿ ಹ್ಯಾಗೆ ಕೂರೋದು, ಮಾರಾಯ್ರೆ?"

ನಿಜವೇ. ನಮ್ಮ ಮನೆಗೆ ಬಂದಾಗ ಬಚ್ಚಲಿನಿಂದ ಈಚೆ ಬರುವಾಗಲೂ ಎಲ್ಲ ಗುಂಡಿ ಹಾಕಿಕೊಂಡೇ ಬರುವ ಮನುಷ್ಯ. ವಾಟ್ ಮ್ಯಾನರ್ಸ್ ಎಂದು ನಾನೇ ಹೊಗಳಿಕೊಂಡು ತಿರುಗಿದ್ದೆ. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. "ಸರಿ, ನಾನು ಹೊರಗಿರ್ತೇನೆ" ಎಂದು ಅವರನ್ನು ಒಳಗೆ ಕಳಿಸಿ, ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಎದ್ದು ಬಂದರೆ ಗೊತ್ತಾಗಬೇಕಲ್ಲ!

ಯಾರೂ ಎದ್ದು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಸಿಸ್ಟರ್ ಬಾಗಿಲು ತೆರೆದರು. "ಟೆಂಪರೇಚರ್ ಏರಿದೆ ಅಮ್ಮಾ. ಪಾದಾನೂ ಬೆಚ್ಚಗಾಗಿದೆ."

"ಸುಮ್ಮನೆ ಸಮಾಧಾನಕ್ಕೆ ಹೇಳಬೇಡಿ. ನಾನೇ ಮುಟ್ಟಿ ನೋಡಬೇಕು."

ಒಳಗಿನಿಂದ ಅಳಿಯಂದಿರ ಗಾಬರಿಯ ದನಿ: "ಅತ್ತೆ, ಬರೋದಾದ್ರೆ ಕಣ್ಣು ಮುಚ್ಕೊಂಡು ಬನ್ನಿ!"

ಕೈ ತೊಳೆದುಕೊಂಡು, ಕಣ್ಣು ಮುಚ್ಚಿ, ಸಿಸ್ಟರ್ ತೋಳು ಹಿಡಿದು ನಡೆದೆ. ಅವರು ನನ್ನ ಬೆರಳನ್ನು ಹೊದಿಕೆಯಡಿಗೆ ಒಯ್ದರು. ಗೇರುಬೀಜದಷ್ಟು ಹಿಮ್ಮಡಿ. ಬೆಚ್ಚಗಿತ್ತು.

"ಆಯ್ತಾ ಅಮ್ಮಾ?"

"ಇನ್ನೊಂದು ಪಾದ ಎಲ್ಲಿ?" ಎಂದೆ.