ಉತ್ತರ ಬಂದ ಮೇಲೆ

ಲಾಕ್‌ಡೌನಿನ ಮೊದಲ ವರ್ಷ ಐರ್ಲೆಂಡಿನ ಸಿಟಿವೆಸ್ಟಿನಲ್ಲಿದ್ದ ಒಂದು ಸಣ್ಣ ಕಂಪನಿಯ ಕೆಲಸವನ್ನು ನಾನು ಟಾಲಾದ ನಮ್ಮ ಮನೆಯ ಅಡುಗೆಮನೆ ಮೇಜಿನಿಂದಲೇ ಮಾಡುತ್ತಿದ್ದೆ. ಕಂಪನಿ ಆಸ್ಪತ್ರೆಯವರು ಹಾಕಿಕೊಳ್ಳುವ ಫೇಸ್ ಶೀಲ್ಡ್ ತಯಾರಿಸುತ್ತಿತ್ತು. ಪೇಟೆಂಟುಗಳನ್ನೂ ಹಳೆಯ ದಾಖಲೆಗಳನ್ನೂ ಹುಡುಕಿ ವರದಿ ಕೊಡುವುದು ನನ್ನ ಕೆಲಸ.

ಜಪಾನಿನಲ್ಲಿ ನಮ್ಮ ಹೊಸ ಶೀಲ್ಡ್ ಮಾರುವುದಕ್ಕೆ ಒಬ್ಬರ ಹಕ್ಕು ಅಡ್ಡ ಇತ್ತು. ಚಿಕ್ಕ ಊರೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ವಯಸ್ಸಾದ ಹೆಂಗಸು ಅವರು. ಶೀಲ್ಡಿನ ಪಟ್ಟಿ ಹಣೆಗೆ ಒತ್ತದಂತೆ ತಡೆಯುವ, ನಮ್ಮ ಶೀಲ್ಡಿನಲ್ಲೂ ಇದ್ದಂಥ ಒಂದು ಮಡಿಕೆಯನ್ನು ಮೊದಲೇ ಕಂಡುಹಿಡಿದು, ಅದಕ್ಕೆ ಯುಟಿಲಿಟಿ ಮಾಡೆಲ್ ಎಂಬ ಹಕ್ಕು ಪಡೆದಿದ್ದರು. ಪೇಟೆಂಟಿಗಿಂತ ಚಿಕ್ಕದು ಅದು. ಹೆಚ್ಚು ಪರೀಕ್ಷೆ ಮಾಡದೆ ಬೇಗ ಕೊಟ್ಟುಬಿಡುತ್ತಾರೆ. ಆದರೆ ಅಂಥ ವಸ್ತು ಮೊದಲೇ ಇತ್ತು ಎಂದು ಯಾರಾದರೂ ತೋರಿಸಿದರೆ, ವಿಚಾರಣೆ ನಡೆಸಿ ರದ್ದು ಮಾಡುತ್ತಾರೆ.

ಹಾಗೆ ತೋರಿಸುವ ಚಿತ್ರ ನನಗೆ ಸಿಕ್ಕಿತು. ಜಪಾನಿನ ಒಬ್ಬ ವ್ಯಾಪಾರಿಯ ವೆಬ್‌ಸೈಟಿನಲ್ಲಿ ಅದೇ ಮಡಿಕೆಯ ಶೀಲ್ಡ್ ಇತ್ತು. ಪುಟದ ಮೇಲೆ ಆಕೆಯ ಅರ್ಜಿಗಿಂತ ಹಿಂದಿನ ತಾರೀಕು. ಎಲ್ಲರೂ ಇದ್ದ ವಿಡಿಯೊ ಮೀಟಿಂಗಿನಲ್ಲಿ ನಮ್ಮ ಐರಿಷ್ ಮ್ಯಾನೇಜರ್ "ಗ್ರ್ಯಾಂಡ್, ಗ್ರ್ಯಾಂಡ್" ಎಂದು ನನ್ನನ್ನು ಹೊಗಳಿದರು. ಟೋಕಿಯೊದಲ್ಲಿದ್ದ ನಮ್ಮ ವಕೀಲೆ ರದ್ದತಿಯ ವಿಚಾರಣೆಗೆ ಅರ್ಜಿ ಹಾಕಿದರು.

ಅದಾಗಿ ಎರಡು ವಾರಕ್ಕೆ, ಅಕ್ಟೋಬರಿನಲ್ಲಿ, ಆ ವ್ಯಾಪಾರಿಯಿಂದ ಮೇಲ್ ಬಂತು. ಚಿತ್ರದ ತಾರೀಕು ಖಚಿತಪಡಿಸಿ ಎಂದು ನಾನೇ ಅವರಿಗೆ ಬರೆದಿದ್ದೆ. ಉತ್ತರಕ್ಕೆ ಕಾಯದೆ ವರದಿ ಕೊಟ್ಟಿದ್ದೆ. ಅವರು ಬರೆದಿದ್ದರು: "ಪುಟ ಹಳೆಯದು. ಚಿತ್ರವನ್ನು ಈ ಬೇಸಿಗೆಯಲ್ಲಿ ಬದಲಾಯಿಸಿದೆವು. ಅದು ಹೊಲಿಗೆ ಅಂಗಡಿಯ ಆ ಅಮ್ಮನೇ ಮಾಡಿದ ಶೀಲ್ಡ್."

ಆಕೆಯ ವಸ್ತುವನ್ನೇ ಆಕೆಯ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದ್ದೆ. ಮೇಲನ್ನು ಬೇರೊಂದು ಫೋಲ್ಡರಿಗೆ ಸರಿಸಿ, ಎದ್ದು ಹೋಗಿ ಪಾತ್ರೆ ತೊಳೆದೆ. ವರ್ಕ್ ಪರ್ಮಿಟ್ ನವೀಕರಣಕ್ಕೆ ಕಂಪನಿಯ ಸಹಿ ಬೇಕಿತ್ತು. ಪರ್ಮಿಟ್ ಬರಲಿ, ಹೇಳೋಣ ಅಂದುಕೊಂಡೆ. ಪರ್ಮಿಟ್ ಬಂತು. ಕ್ರಿಸ್‌ಮಸ್ ಮುಗಿಯಲಿ ಅಂದುಕೊಂಡೆ.

ನನ್ನ ಗಂಡ ಆಸ್ಪತ್ರೆಯಲ್ಲಿ ಡಾಕ್ಟರ್. ಡ್ಯೂಟಿ ಮುಗಿಸಿ ಬಂದಾಗ ಅವನ ಹಣೆಯ ಮೇಲೆ ಪಟ್ಟಿ ಕೊರೆದ ಕೆಂಪು ಗೆರೆ ಇರುತ್ತಿತ್ತು. "ನಿಮ್ ಕಂಪ್ನಿಯವ್ರು ಇದನ್ನ ಸ್ವಲ್ಪ ಮೆತ್ತಗೆ ಮಾಡಕ್ಕಾಗಲ್ವಾ?" ಎಂದು ಒಂದು ಸಂಜೆ ಕೇಳಿದ. "ಮಾಡ್ತಿದಾರೆ" ಅಂದೆ. ಯಾರ ಮಡಿಕೆ ಎಂದು ಹೇಳಲಿಲ್ಲ.

ಫೆಬ್ರವರಿಯಲ್ಲಿ ಆಕೆಯ ಉತ್ತರ ಬಂತು. ವಕೀಲರನ್ನು ಇಡದೆ ತಾವೇ ಬರೆದದ್ದು. ಟೋಕಿಯೊದ ವಕೀಲೆ ಅದನ್ನು ಅನುವಾದ ಮಾಡಿಸಿ ನನಗೆ ಓದಲು ಕಳಿಸಿದರು. ಆಕೆ, ನರ್ಸ್ ಆಗಿದ್ದ ಮಗಳ ಹಣೆಗೆ ಗಾಯವಾದದ್ದನ್ನು ನೋಡಿ, ಫೈಲಿನ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೊದಲ ಮಡಿಕೆ ಮಾಡಿದ್ದರಂತೆ. ನೋಟ್‌ಬುಕ್ಕಿನ ಪುಟಗಳ ಫೋಟೊ ಸೇರಿಸಿದ್ದರು. ಕೊನೆಯಲ್ಲಿ ಹೀಗಿತ್ತು: "ಆ ಚಿತ್ರದಲ್ಲಿರುವುದು ನನ್ನದೇ ಹೊಲಿಗೆಯಂತೆ ಕಾಣುತ್ತದೆ. ನನಗೆ ಭ್ರಮೆಯೇ ಎಂದು ಚಳಿಗಾಲವೆಲ್ಲ ಯೋಚಿಸಿದೆ."

ಆ ದಿನ ಗಂಡನಿಗೆ ಎಲ್ಲ ಹೇಳಿದೆ. "ಒಂದ್ ತಪ್ಪಾಗೋಗಿದೆ ಕಣೋ" ಎಂದೇ ಶುರುಮಾಡಿದ್ದೆ.

"ಗೊತ್ತಾಗಿದ್ದು ಯಾವಾಗ?"

"ಅಕ್ಟೋಬರಲ್ಲಿ."

"ಚಿತ್ರ ಕೊಟ್ಟಿದ್ದು ತಪ್ಪಾಗಿರಬೋದು. ಆಮೇಲೆ ಮಾಡಿದ್ದನ್ನ ತಪ್ಪು ಅಂತ ಕರೀಬೇಡ."

ಮರುದಿನ ಮ್ಯಾನೇಜರಿಗೆ ಆ ಮೇಲ್ ಕಳಿಸಿ, "ಈಗಷ್ಟೇ ನೋಡಿದೆ" ಅಂದೆ. ಆಗಲೂ ಸುಳ್ಳು! ಆ ಮೇಲ್‌ನ ಕೆಳಗೆ ನಾನು ಅಕ್ಟೋಬರಿನಲ್ಲೇ ವ್ಯಾಪಾರಿಗೆ ಬರೆದ "ಥ್ಯಾಂಕ್ಸ್" ಹಾಗೇ ಇತ್ತು. ಅವರು ಅದನ್ನು ಓದಿದರು. ಎಲ್ಲದಕ್ಕೂ ಗ್ರ್ಯಾಂಡ್ ಎನ್ನುತ್ತಿದ್ದ ಮನುಷ್ಯ ನೇರ ಟೋಕಿಯೊಗೆ ಕರೆ ಮಾಡಿದರು.

ವಕೀಲೆ ವಿವರಿಸಿದರು: "ಅವರ ಉತ್ತರ ಸಲ್ಲಿಕೆಯಾಗುವ ಮೊದಲಾಗಿದ್ದರೆ ನಾವೇ ಅರ್ಜಿ ಹಿಂತೆಗೆದುಕೊಳ್ಳಬಹುದಿತ್ತು. ಒಂದು ಕಾಗದ ಸಾಕಿತ್ತು. ಈಗ ಕಾನೂನಿನ ಪ್ರಕಾರ ಅವರ ಒಪ್ಪಿಗೆ ಬೇಕು."

ಒಪ್ಪಿಗೆ ಕೇಳುವ ಕರೆಯಲ್ಲಿ ನಾನೂ ಇರುತ್ತೇನೆ ಎಂದೆ. ನಮಗೆ ಬೆಳಿಗ್ಗೆ, ಅವರಿಗೆ ಸಂಜೆ. ಪರದೆಯಲ್ಲಿ ಆಕೆ ಹೊಲಿಗೆ ಯಂತ್ರದ ಪಕ್ಕ ನೆಟ್ಟಗೆ ಕೂತಿದ್ದರು. ವಕೀಲೆ ಇಬ್ಬರ ಮಾತನ್ನೂ ಅನುವಾದಿಸುತ್ತಿದ್ದರು.

"ಆ ಚಿತ್ರದಲ್ಲಿರುವುದು ನನ್ನದು ತಾನೆ?"

"ಹೌದು, ನಿಮ್ಮದೇ."

"ನಿಮಗೆ ಯಾವಾಗ ಗೊತ್ತಾಯಿತು?"

ಹೇಳಿದೆ. ವಕೀಲೆ ಅನುವಾದಿಸಿದರು. ಆಕೆ ನನ್ನತ್ತ ನೋಡಲಿಲ್ಲ.

"ಬೇರೆಯವರದ್ದು ನೋಡಿ ಮಾಡಿದೆಯಾ ಅಂತ ನನ್ನ ಮಗಳೇ ಕೇಳಿಬಿಟ್ಟಳು" ಎಂದರು. "ಒಪ್ಪಿಗೆ ಕೊಡುತ್ತೇನೆ. ಆದರೆ ಈಗ ಹೇಳಿದ್ದನ್ನೆಲ್ಲ ನೀವೇ ಬರೆದು ಕಳಿಸಿ. ಅವಳಿಗೆ ತೋರಿಸಬೇಕು."

ಆ ಕಾಗದವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ಪರ್ಮಿಟ್ಟು, ಲಾಕ್‌ಡೌನು, ಕೆಲಸದ ಒತ್ತಡ ಎಲ್ಲ ಇದ್ದವು. ನಾಲ್ಕನೆಯದರಲ್ಲಿ ಅವನ್ನೆಲ್ಲ ತೆಗೆದು, ಏನು ಮಾಡಿದೆ, ಯಾವಾಗ ತಿಳಿಯಿತು, ಎಷ್ಟು ತಿಂಗಳು ಬಚ್ಚಿಟ್ಟೆ ಎಂದಷ್ಟೇ ಬರೆದು ಸಹಿ ಮಾಡಿದೆ.

ವಾರದ ಮೇಲೆ ಅವರ ಒಪ್ಪಿಗೆ ಬಂತು, ಅರ್ಜಿ ಹಿಂತೆಗೆದದ್ದಾಯಿತು. ಕಂಪನಿ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹುಡುಕುವ ಕೆಲಸವನ್ನು ಮಾತ್ರ ಬೇರೆಯವರಿಗೆ ಕೊಟ್ಟಿತು. ಬೇಡ ಎನ್ನುವ ಮುಖ ನನಗಿರಲಿಲ್ಲ. ಮಗಳು ನನ್ನ ಕಾಗದ ಓದಿದಳೋ, ತಾಯಿಯನ್ನು ನಂಬಿದಳೋ ಗೊತ್ತಿಲ್ಲ. ಕೇಳಿ ಬರೆಯಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಇನ್ನೊಮ್ಮೆ ಅವರಿಂದ ಉತ್ತರ ಬರೆಸುವ ಹಕ್ಕು ನನಗಿಲ್ಲ ಎಂದು ಬಿಟ್ಟಿದ್ದೇನೆ.