ಫಿಲ್ಟರಿಗೂ ನೀರು ತುಂಬಿದ ಅವ್ವ

ದೀಪಾವಳಿಗೆ ನಿಮ್ಮ ಮನೆಯ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದಿರುತ್ತೀರಿ. ನಮ್ಮಲ್ಲಿ ಈ ಸಲ ಅಕ್ವೇರಿಯಂ ಫಿಲ್ಟರಿಗೂ ಎಳೆದಾಯಿತು.

ಎಳೆದವಳು ಅವ್ವ. ನೀರು ತುಂಬುವ ಹಬ್ಬದ ಸಂಜೆ ಹಂಡೆ, ಕೊಡ, ತಂಬಿಗೆಗಳೆಲ್ಲ ಹುಣಸೆಹಣ್ಣಿನಲ್ಲಿ ಮಿಂದವು. ನೀರು ಹಿಡಿಯುವುದು ಅಂದಮೇಲೆ ಅಕ್ವೇರಿಯಂ ಪಕ್ಕದಲ್ಲಿ ಡಬ್ಬಿಯಂತೆ ಕೂತ ಫಿಲ್ಟರ್ ಮಾತ್ರ ಯಾವ ಪಾಪ ಮಾಡಿತ್ತು? ಅದನ್ನೂ ಬಿಚ್ಚಿದಳು. ಒಳಗಿನ ಸ್ಪಂಜು, ಪಿಂಗಾಣಿ ಚೂರುಗಳನ್ನು ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದಳು. ಹೊಸ ನೀರು ತುಂಬಿ, ಹಂಡೆಗೆ ಕಟ್ಟಿದಂತೆ ಅದರ ಕೊರಳಿಗೂ ಹಿಂಡಲಕಾಯಿಯ ಬಳ್ಳಿ ಕಟ್ಟಿದಳು.

ದಾಂಡೇಲಿಯ ನಮ್ಮ ಮನೆಯಲ್ಲಿ ಆ ಗಾಜಿನ ತೊಟ್ಟಿ ಅಪ್ಪನದು. ಅದರಲ್ಲಿ ಒಂದೇ ಮೀನು, ಆಸ್ಕರ್ ಜಾತಿಯ ರಾಜಾ. (ಅಪ್ಪ ಬಂದರೆ ಗಾಜಿಗೆ ಮೂತಿ ಒತ್ತುತ್ತದೆ, ನಾನು ಬಂದರೆ ಬೆನ್ನು ತಿರುಗಿಸುತ್ತದೆ. ಇದನ್ನು ನನ್ನ ಡೈರಿಯಲ್ಲಿ ಬರೆದಿಟ್ಟಿದ್ದೇನೆ.) ರಾಜಾ ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಒಂದು ಫಿಲ್ಟರ್ ಸಾಲಲಿಲ್ಲ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಸುಮ್ಮನಿರುತ್ತಾನೆಯೆ? ಇನ್ನೊಂದು ತಂದು, ಎರಡನ್ನೂ ಪೈಪಿನಿಂದ ಜೋಡಿಸಿದ. ಒಂದನ್ನು ಬಿಚ್ಚಿದರೂ ನೀರು ಇನ್ನೊಂದರಲ್ಲಿ ಸುತ್ತುವಂತೆ ನಡುವೆ ನಲ್ಲಿಗಳನ್ನು ಕೂರಿಸಿದ.

ಹಬ್ಬ ಮುಗಿಯುವಷ್ಟರಲ್ಲಿ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ರಾಜಾ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದ.

"ಫಿಲ್ಟರ್ ಯಾರು ತೊಳದ್ರು?" ಎಂದೆ. ನನ್ನ ದನಿ ಏರಿತ್ತು.

"ನಾನ ತೊಳದೆ," ಎಂದ ಅಪ್ಪ, ತಟ್ಟನೆ.

ಅಡುಗೆಮನೆಯಿಂದ ಅವ್ವ ಸೌಟು ಹಿಡಿದೇ ಬಂದಳು. "ಸುಳ್ಳ ಯಾಕ ಹೇಳ್ತೀರಿ? ಮದಿವಿ ಆದಾಗಿಂದ ಉಂಡ ತಾಟ ತೊಳದಿಲ್ಲ, ಫಿಲ್ಟರ್ ತೊಳದರಂತ! ನಾನ ತೊಳದೇನಿ. ಯಾಕ, ಏನಾತು?"

ತೊಟ್ಟಿ ನೋಡಿದಳು. ದನಿ ಇಳಿಯಿತು. "ಹಬ್ಬದಾಗ ಅದೊಂದ ಯಾಕ ಹೊಲಸಿನ್ಯಾಗ ಇರಬೇಕು ಅಂತ ಮಾಡಿದೆ. ಸಾಯ್ತೈತೇನ್ರಿ ಅದು?"

ನಾನು ಬ್ಯಾಕ್ಟೀರಿಯಾ ಎಂದು ಶುರು ಮಾಡಿದೆ. ಅವ್ವ ಪಿಳಿಪಿಳಿ ನೋಡಿದಳು. ಅಪ್ಪ ನನ್ನನ್ನು ತಡೆದ.

"ಹೆಪ್ಪು ಇದ್ದಂಗ ನೋಡ. ನೀ ತಿಕ್ಕಿ ತಗದ ಆ ಲೋಳಿಯೊಳಗ ಕಣ್ಣಿಗೆ ಕಾಣದ ಜೀವ ಇರ್ತಾವ. ಮೀನಿನ ಹೊಲಸು ಅವ ತಿಂತಾವ."

"ಅಯ್ಯ ಶಿವನ! ಹೆಪ್ಪೆಲ್ಲಾ ಚೆಲ್ಲಿದೆ ಹಂಗಾರ?"

"ಒಂದರಾಗಿಂದಷ್ಟ. ಇನ್ನೊಂದ ಯಾಕ ಬಿಟ್ಟಿ?"

"ಅದರ ಕ್ಲಿಪ್ಪ ಬಿಚ್ಚಲಿಲ್ರಿ. ಉಗರ ಕಿತ್ತಕೊಂಡೆ."

ಅಪ್ಪ ಅವಳ ಬೆರಳು ಹಿಡಿದು ನೋಡಿದ. ನಕ್ಕ. "ನಿನ್ನ ಉಗರ ಅದರ ಜೀವ ಉಳಸ್ತೈತಿ ಬಿಡು."

ಹೊಲಸು ಕಡಿಮೆಯಾಗಲೆಂದು ರಾಜಾನ ಊಟ ಬಂದ್ ಆಯಿತು. ತೊಳೆಯದ ಫಿಲ್ಟರಿನ ಸ್ಪಂಜನ್ನು ಹಿಂಡಿ, ಆ ಕಂದು ನೀರನ್ನು ತೊಳೆದ ಫಿಲ್ಟರಿಗೆ ಸುರಿದೆವು. ಸುರಿದವಳು ಅವ್ವನೇ, ಹಾಲಿಗೆ ಹೆಪ್ಪು ಹಾಕುವ ಅದೇ ಹದದಲ್ಲಿ. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಪಟ್ಟೆ ಎಳೆದ ಹಂಡೆಯಲ್ಲಿ ತುಂಬಿಟ್ಟು, ದಿನಾ ಬೆಳಿಗ್ಗೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಬದಲಿಸಿದೆವು.

ಮೊನ್ನೆ ನೀರು ತಿಳಿಯಾಯಿತು. ರಾಜಾ ಗಾಜಿಗೆ ಮೂತಿ ಒತ್ತಿದ, ಅವ್ವ ನಿಂತಿದ್ದ ಕಡೆಗೆ. (ನನಗೆ ಇನ್ನೂ ಬೆನ್ನೇ.)

"ಹೆಪ್ಪು ಅಂತ ಮೊದಲ ಹೇಳಿದ್ರ ನಾ ಮುಟ್ಟತಿದ್ನೇನು?" ಎಂದಳು ಅವ್ವ, ಮೀನಿಗೋ ನಮಗೋ.

ಒಂದು ಫಿಲ್ಟರ್ ಕೆಟ್ಟರೆ ಯಾವ ನಲ್ಲಿ ತಿರುಗಿಸಬೇಕೆಂದು ಅವಳಿಗೆ ಕಲಿಸಿದ್ದೆವು. ಒಳಗೆ ಏನು ಬದುಕಿದೆ ಎಂದು ಹೇಳಿರಲಿಲ್ಲ. ಅಷ್ಟೆಲ್ಲ ಪೈಪು ಜೋಡಿಸಿದ ಮನೆಯಲ್ಲಿ, ಆ ಒಂದು ಮಾತು ಅಡುಗೆಮನೆ ತನಕ ಯಾಕೆ ಹರಿಯಲಿಲ್ಲ?