ಅತ್ತೆಯ ಉಳಿದ ಹೊಟ್ಟೆ

ನಮ್ಮತ್ತೆ ಉಂಡೆದ್ದ ತಟ್ಟೆಯನ್ನು ನೋಡಿದರೆ ಅದು ಊಟಕ್ಕೆ ಮುಂಚಿನದೋ ಆಮೇಲಿನದೋ ಎಂದು ಹೇಳಲು ಬರುತ್ತಿರಲಿಲ್ಲ. ಕೊನೆಯ ಅಗುಳನ್ನು ತೋರುಬೆರಳಿನಿಂದ ಒತ್ತಿ ಬಾಯಿಗಿಟ್ಟುಕೊಂಡು, ಲೋಟದ ನೀರನ್ನು ತಟ್ಟೆಗೆ ಹಾಕಿ, ಅಂಚಿನ ಸುತ್ತ ಬೆರಳಾಡಿಸಿ ತೊಳೆದು, ಆ ನೀರನ್ನು ಗಟಗಟನೆ ಕುಡಿದುಬಿಡುತ್ತಿದ್ದರು. ಲಿಂಗಪೂಜೆ ಮಾಡಿಕೊಂಡು ಉಣ್ಣುವ ಅನ್ನ ಪ್ರಸಾದ. ಅದರ ಒಂದು ಕಾಳನ್ನೂ ಬಿಡಬಾರದು. ನಮ್ಮಲ್ಲಿ ಹಿರಿಯರು ಅನೇಕರು ಹೀಗೆ ಮಾಡುತ್ತಾರೆ. ಆದರೆ ಅತ್ತೆ ಹೀಗೆ ಮಾಡುವಾಗ ಅವರ ಕಣ್ಣು ನನ್ನ ತಟ್ಟೆಯ ಮೇಲಿರುತ್ತಿತ್ತು.

ನಾನು ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿದವಳು. ತೊಂಬತ್ತರ ದಶಕದ ಮೊದಲಲ್ಲಿ ಹೊಳಲ್ಕೆರೆಯ ಈ ಮನೆಗೆ ಸೊಸೆಯಾಗಿ ಬಂದೆ. ಬಂದ ಹೊಸದರಲ್ಲೇ ಸಾರಿನ ಕರಿಬೇವನ್ನು ತಟ್ಟೆಯಂಚಿಗೆ ಸರಿಸಿ ಸಿಕ್ಕಿಬಿದ್ದೆ.

“ಕಾನ್ವೆಂಟ್ನಾಗೆ ಕರಿಬೇವು ತಿನ್ನಾದು ಕಲ್ಸಲ್ಲೇನೋ,” ಎಂದು ಅತ್ತೆ ನಡುಮನೆಯ ಕಂಬಕ್ಕೆ ಹೇಳಿದರು.

ನನ್ನನ್ನು ಬೈಯುವುದಿದ್ದರೆ ಅವರು ಕಂಬಕ್ಕೇ ಹೇಳುತ್ತಿದ್ದದ್ದು. ಹಣೆಯ ತುಂಬ ವಿಭೂತಿ, ಎರಡೂ ಕಡೆ ಮೂಗುಬೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬದ ಕಡೆ ತಿರುಗಿದರೆಂದರೆ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳಬೇಕು. ನಾನು ಹಾಕಿದ ಉಪ್ಪು, ಮಡಿಸಿದ ಪಂಚೆ, ಮೆತ್ತಗೆ ಮಾತಾಡುವ ನನ್ನ ರೀತಿ, ಎಲ್ಲವೂ ಆ ಕಂಬಕ್ಕೆ ವರದಿಯಾಗುತ್ತಿತ್ತು. “ಬೆಕ್ಕು ನಡ್ದಂಗೆ ನಡೀತಾಳೆ, ಯಾವಾಗ ಹಿಂದೆ ಬಂದು ನಿಂತ್ಲು ಅಂತ ಗೊತ್ತಾಗಲ್ಲ.” ನಮ್ಮತ್ತೆ ರುದ್ರಮ್ಮನವರ ಮೇಲೆ ನನಗೆ ಪ್ರೀತಿಯಿತ್ತು ಎಂದು ಬರೆದರೆ ಅವರನ್ನು ಬಲ್ಲವರು ನಗುತ್ತಾರೆ. ನನ್ನವರು ಇಂಥ ಹೊತ್ತಿನಲ್ಲಿ ಪೇಪರ್ ಬಿಡಿಸಿ ಅದರೊಳಗೆ ಹೋಗಿಬಿಡುತ್ತಿದ್ದರು.

ನಮ್ಮ ಮಗಳು ಶಾಲೆಗೆ ಹೋಗಲು ಶುರುಮಾಡಿದ ಕಾಲಕ್ಕೆ ಅತ್ತೆಗೆ ಉಂಡದ್ದು ಎದೆಯಲ್ಲೇ ನಿಂತಂತಾಗತೊಡಗಿತು. ಮೈ ಇಳಿದು ಸೀರೆಯ ನೆರಿಗೆ ದಿನದಿನಕ್ಕೆ ಹೆಚ್ಚಾಗುತ್ತಿದ್ದುದನ್ನು ಮೊದಲು ಕಂಡವಳು ನಾನು. ದಾವಣಗೆರೆಗೆ ಕರೆದುಕೊಂಡು ಹೋದೆವು. ಹೊಟ್ಟೆಯ ಕ್ಯಾನ್ಸರ್. ಆಪರೇಷನ್ ಮಾಡಿ ಹೊಟ್ಟೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆಗೆದರು. ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಉಣ್ಣಬೇಕು. ಊಟದ ಜೊತೆ ನೀರು ಕುಡಿಯಬಾರದು ಎಂದರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿ, ಮನೆಗೆ ಬಂದವರೇ ಮೊದಲ ಊಟದಲ್ಲೇ ತಟ್ಟೆ ತೊಳೆದು ಕುಡಿದರು. ಮೈಯೆಲ್ಲ ಬೆವೆತು, ತಲೆ ತಿರುಗಿ, ಗೋಡೆ ಹಿಡಿದು ಕುಳಿತರು. ಕುಡಿಯುವುದು ನಿಂತಿತು. ಆದರೆ ಹಾಕಿಸಿಕೊಂಡ ಅನ್ನ ಈಗ ಖಾಲಿಯಾಗುತ್ತಿರಲಿಲ್ಲ, ಬಿಡುವಂತೆಯೂ ಇರಲಿಲ್ಲ. ಅದಕ್ಕೊಂದು ದಾರಿ ಹುಡುಕಿದರು: “ಪುಟ್ಟೀ, ಬಾರವ್ವ, ಪ್ರಸಾದ ಐತೆ.” ನನ್ನ ಮಗಳು ಓಡಿಬಂದು ಅಜ್ಜಿಯ ತಟ್ಟೆಯ ಮುಂದೆ ಕೂರುತ್ತಿದ್ದಳು.

ಕೆಲವು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಬಾಯಿಂದ ಕ್ಯಾಮೆರಾ ಇಳಿಸಿ, ಉಳಿದ ಹೊಟ್ಟೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ. ಬ್ಯಾಕ್ಟೀರಿಯಾ ಇತ್ತು. ಹೊಟ್ಟೆಯಲ್ಲಿ ವರ್ಷಾನುಗಟ್ಟಲೆ ಮನೆ ಮಾಡಿಕೊಂಡು ಹುಣ್ಣು ಮಾಡುವ ಜಾತಿಯದು, ಇದನ್ನು ಹಾಗೇ ಬಿಟ್ಟರೆ ಉಳಿದ ಹೊಟ್ಟೆಗೂ ಕ್ಯಾನ್ಸರ್ ಬರುವ ಅಪಾಯ ಹೆಚ್ಚು, ಗುಳಿಗೆ ತಪ್ಪದೆ ನುಂಗಿ ಕೊಲ್ಲಬೇಕು ಎಂದರು ಡಾಕ್ಟರು.

ಅತ್ತೆಗೆ ಅವಮಾನವಾಯಿತು. “ನನ್ ಹೊಟ್ಟ್ಯಾಗೆ ಹುಳ ಐತೆ ಅಂತೀರಾ? ಅಷ್ಟೊಂದು ಕೊಯ್ದು ತಗಂಡ್ರಲ್ಲ, ಅದ್ರ ಜೊತಿಗೇ ಹೋಗ್ಬೇಕಾಗಿತ್ತಪ್ಪ.”

“ಅಜ್ಜೀ, ಅರ್ಧ ಮನೆ ಕೆಡವಿದ್ರೆ ಇಲಿ ಊರು ಬಿಟ್ಟು ಹೋಗ್ತವಾ? ಇನ್ನರ್ಧಕ್ಕೆ ಸೇರ್ಕೊಳ್ತವೆ,” ಎಂದರು ಡಾಕ್ಟರು.

ನಾನು ಮಗಳ ವಿಷಯ ಕೇಳಿದೆ. ಒಬ್ಬರ ಬಾಯಿಂದ ಒಬ್ಬರಿಗೆ ಹರಡಬಹುದು, ತಟ್ಟೆ ಬೇರೆ ಮಾಡಿ ಎಂದರು. ಹೊಳಲ್ಕೆರೆಯವರೆಗೂ ಬಸ್ಸಿನಲ್ಲಿ ಅತ್ತೆ ಕಿಟಕಿಯ ಸರಳು ಹಿಡಿದು ಹೊರಗೇ ನೋಡುತ್ತಿದ್ದರು.

ಮಾರನೆಯ ದಿನ ಮಗಳು ಅಜ್ಜಿಯ ತಟ್ಟೆಗೆ ಕೈಹಾಕಿದಾಗ ನಾನು ಆ ಕೈ ಹಿಡಿದೆ. ಅತ್ತೆ ಕಂಬವನ್ನು ಬಿಟ್ಟು ನನ್ನ ಮುಖಕ್ಕೇ ಹೇಳಿದರು: “ಪ್ರಸಾದಕ್ಕೆ ಎಲ್ಲಿಂದ ಬಂತೇ ಎಂಜ್ಲು? ನನ್ನ ಹೊಲೆ ಮಾಡ್ತೀಯೇನು, ನನ್ ಮನ್ಯಾಗೆ?”

“ಡಾಕ್ಟ್ರು ಹೇಳಿದ್ದು, ಅತ್ತೆ.”

“ಡಾಕ್ಟ್ರ ಬಾಯಾಗೆ ಹೇಳಿಸಿದ್ದು ಯಾರು?”

ಅಂದಿನಿಂದ ಅವರು ನನ್ನ ಕೈಯಿಂದ ಗುಳಿಗೆ ಮುಟ್ಟಲಿಲ್ಲ. ಮಗ ಕೊಟ್ಟರೆ ನುಂಗುತ್ತಿದ್ದರು. ಬಾಯೆಲ್ಲ ತಾಮ್ರದ ರುಚಿ ಎಂದು ಅಕ್ಕಪಕ್ಕದವರಿಗೆಲ್ಲ ಸಾರಿದರು. “ಹುಳ ಸಾಯೋ ಗುಳಿಗಿ ಅಂತೆ ಕಣ್ರೇ. ಹುಳಕ್ಕಿಂತ ಮುಂಚೆ ನಾನೇ ಹೋಗ್ತೀನಿ, ಅವ್ಳಿಗೆ ಸಮಾಧಾನ ಆಗ್ಲಿ.” ಸೋಮವಾರ ಅವರದು ಒಪ್ಪತ್ತು. ಚೀಟಿಯಲ್ಲಿ ಗುಳಿಗೆ ಬೆಳಿಗ್ಗೆ, ರಾತ್ರಿ, ಊಟವಾದ ಮೇಲೆ ಎಂದಿತ್ತು. ಸೋಮವಾರ ರಾತ್ರಿ ಊಟವಿಲ್ಲ. ಊಟವಿಲ್ಲದ ಮೇಲೆ ಊಟವಾದ ಮೇಲಿನ ಗುಳಿಗೆ ಎಲ್ಲಿಂದ ಬರಬೇಕು? ನಾನು ಒಂದು ಲೋಟ ಹಾಲಾದರೂ ಕುಡಿದು ತೆಗೆದುಕೊಳ್ಳಿ ಎಂದೆ. ಶಿವನಿಗೂ ಟೈಮ್‌ಟೇಬಲ್ ಹಾಕಿಕೊಡು ಎಂದರು.

ಗುಳಿಗೆ ಮುಗಿದು ಕೆಲವು ವಾರದ ಮೇಲೆ ಮತ್ತೆ ಪರೀಕ್ಷೆ. ಬ್ಯಾಕ್ಟೀರಿಯಾ ಇದ್ದೇ ಇತ್ತು.

“ಅಜ್ಜೀ, ಒಂದೂ ತಪ್ಪಿಸಿಲ್ಲ ತಾನೇ?”

“ಇಲ್ಲಪ್ಪ, ಶಿವನಾಣೆ.”

“ಸೋಮವಾರ ರಾತ್ರಿದು ತಗೊಂಡಿಲ್ಲ,” ಎಂದೆ ನಾನು.

ಡಾಕ್ಟರು ಅತ್ತೆಯನ್ನು ನೋಡಿದರು, ಅತ್ತೆ ನನ್ನನ್ನು ನೋಡಿದರು. ಇಷ್ಟು ದಿನ ನಾನು ಅವರ ಕೈಯಲ್ಲಿ ಕಂಡದ್ದೆಲ್ಲ ಮುನಿಸು. ಹಗೆ ಎಂದರೇನೆಂದು ಅಂದು ತಿಳಿಯಿತು. ಹುಳ ಈಗ ಮೊದಲಿನ ಗುಳಿಗೆಗೆ ಬಗ್ಗದಿರಬಹುದು ಎಂದು ಡಾಕ್ಟರು ಬೇರೆ ಗುಳಿಗೆ ಬರೆದರು.

ಸೋಮವಾರದ ವಿಷಯದಲ್ಲಿ ತಮ್ಮ ಕಡೆ ಸಾಕ್ಷಿ ಬೇಕೆಂದು ಅತ್ತೆ, ಮನೆಯ ಪೂಜೆಗೆ ಬರುತ್ತಿದ್ದ ಅಯ್ಯನವರನ್ನು ಕೇಳಿದರು. “ಔಷಧಿಗೆ ಒಪ್ಪತ್ತಿಲ್ಲ ತಾಯಿ, ತಗೊಳ್ರಿ,” ಎಂದರು ಅವರು. ಅವರು ಮೆಟ್ಟಿಲಿಳಿಯುವ ಮುಂಚೆಯೇ ಅತ್ತೆ, “ಇವ್ನೂ ಕಾನ್ವೆಂಟ್ನಾಗೆ ಓದಿರ್ಬೇಕು,” ಎಂದರು. ಹೊಸ ಗುಳಿಗೆಯ ಪೊಟ್ಟಣ ಗೂಡಿನಲ್ಲಿ ಬಿಚ್ಚದೆ ಕುಳಿತಿತ್ತು. ಮಗನ ಮಾತೂ ಈಗ ನಡೆಯುತ್ತಿರಲಿಲ್ಲ. ಸೀರೆಗೆ ಮತ್ತೊಂದು ನೆರಿಗೆ ಬಂದಿತ್ತು.

ಒಂದು ಸಂಜೆ ಮಗಳು ಶಾಲೆಯಿಂದ ಬಂದವಳು ಬ್ಯಾಗು ಬಿಸಾಡಿ ಹೊಟ್ಟೆ ನೋವೆಂದು ಚಾಪೆಯ ಮೇಲೆ ಮುದುರಿ ಮಲಗಿದಳು. ನಾನು ಹೊಟ್ಟೆಗೆ ಎಣ್ಣೆ ಹಚ್ಚುತ್ತಿದ್ದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

“ನಂದು ತಗುಲಿರ್ತದೇನೇ?”

“ಗೊತ್ತಿಲ್ಲ ಅತ್ತೆ. ಇರಬಹುದು.”

ಅದಕ್ಕಿಂತ ಮೆತ್ತಗಿನ ಉತ್ತರವೊಂದು ನನ್ನ ನಾಲಿಗೆಯ ಮೇಲಿತ್ತು. ಕೊಡಲಿಲ್ಲ, ಕೊಡದಿದ್ದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಅವರು ಒಳಗೆ ಹೋದರು. ಗೂಡಿನ ಪೊಟ್ಟಣ ಬಿಚ್ಚಿದ ಸದ್ದು ಕೇಳಿಸಿತು. ಆಮೇಲೆ ಬಂದು ಮೊಮ್ಮಗಳ ಪಾದದ ಹತ್ತಿರ ಕುಳಿತು, “ನಿನ್ ಮಾತಿಗಲ್ಲ ತಿಳ್ಕ,” ಎಂದರು.

ಮಗಳ ನೋವು ಎರಡು ದಿನದಲ್ಲಿ ಹೋಯಿತು. ಮತ್ತೆ ಬಂದರೆ ನೋಡೋಣ, ಈಗ ಪರೀಕ್ಷೆ ಬೇಡ ಎಂದರು ಡಾಕ್ಟರು. ಬರಲಿಲ್ಲ. ಅತ್ತೆ ಸೋಮವಾರಗಳಲ್ಲೂ ಹಾಲು ಕುಡಿದು ಗುಳಿಗೆ ನುಂಗಿದರು, ವಾಂತಿ ಬಂದರೂ ಬಾಯಿ ಬಿಗಿಹಿಡಿದು ಕುಳಿತರು. ಮುಂದಿನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ. ಆ ಸುದ್ದಿಯನ್ನು ಅವರು ಓಣಿಗೆ ಹೇಳಿದ್ದು ಹೀಗೆ: “ಹುಳ ಮುಗೀತು. ಇನ್ನು ನನ್ ಸರದಿ ಅಂತ ಕಾಯ್ತಾ ಕುಂತವ್ಳೆ.” ಆದರೂ ವರ್ಷ ವರ್ಷ ತಪಾಸಣೆಗೆ ಹೊರಡುವಾಗ ಮಗನನ್ನು ಬಿಟ್ಟು ನನ್ನನ್ನೇ ಕರೆಯುತ್ತಿದ್ದರು. ಬಸ್ಸಿನಲ್ಲಿ ಮಾತ್ರ ಕಿಟಕಿಯ ಹೊರಗೇ ನೋಡುತ್ತಿದ್ದರು.

ಏಳೆಂಟು ವರ್ಷ ಆ ಪುಟ್ಟ ಹೊಟ್ಟೆಯಲ್ಲೇ ಬದುಕಿದರು, ಜೋರಾಗಿಯೇ. ಒಂದು ಬೆಳಿಗ್ಗೆ ಪೂಜೆಗೆ ಕುಳಿತಲ್ಲೇ ಪಕ್ಕಕ್ಕೆ ವಾಲಿದರು. ಹೃದಯ ನಿಂತಿತ್ತು.

ಕಾರ್ಯದ ದಿನ ನೆಂಟರು ತುಂಬಿದ್ದರು. ನಾನು ಅನ್ನದ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತ ಬಂದೆ. ಹಿರಿಯೂರಿನ ಕಡೆಯ ಹೆಂಗಸೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: “ಕ್ಯಾನ್ಸರ್ರು ಬಿಡ್ತದೇನ್ರಿ? ಕೊನೀಗೆ ತಗಂಡೇ ಹೋತು.”

“ಕ್ಯಾನ್ಸರ್ ಅಲ್ಲ,” ಎಂದೆ.

ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ. ಪಂಕ್ತಿಯವರೆಲ್ಲ ತಲೆಯೆತ್ತಿದರು. ಆಚೆ ತುದಿಯಲ್ಲಿ ಪಲ್ಯ ಬಡಿಸುತ್ತಿದ್ದ ನನ್ನವರ ಸೌಟು ನಿಂತಿತು.

“ನಮ್ಮತ್ತೆ ಹೊಟ್ಟೆ ಚೆನ್ನಾಗಿತ್ತು. ಕೊನೇವರೆಗೂ ಚೆನ್ನಾಗಿತ್ತು. ಬೇಕಾದ್ರೆ ನನ್ನ ಕೇಳಿ.”

ನಾನು ಮುಂದಿನ ಎಲೆಗೆ ಅನ್ನ ಬಡಿಸಿದೆ.